ಚರ್ಚ್‌ಗೇಟಿಗೆ ಗೇಟಿಲ್ಲ

ಏಳು ಐವತ್ತೆಂಟರ ವಸಾಯಿ ಲೋಕಲ್ಲು,
ನಡುವಿನ ಲೇಡೀಸ್ ಡಬ್ಬಿ.
ರೆಮೆಡಿಯಾ ತುಸ್ಕಾನೊಳ ಮಡಿಲಲ್ಲಿ ಪೋರ್ಚುಗಲ್ಲು
ನಾಲ್ಕು ಮಡಿಕೆಯಾಗಿ ಕೂತಿದೆ.
ಪೂರ್ತಿ ಬಿಡಿಸಲು ಜಾಗವಿಲ್ಲ, ಎರಡು ಮಡಿಕೆ ತೆರೆದರೆ
ಎದುರಿನವಳ ಟಿಫಿನ್ನಿಗೆ ಸಮುದ್ರ ತಾಗುತ್ತದೆ.
ಹಾಗಾಗಿ ದಿನಕ್ಕೊಂದೇ ಮಡಿಕೆ.

ಆರು ವರ್ಷದ ಭಿಶಿ, ತಿಂಗಳಿಗೆ ಎರಡೆರಡು ಸಾವಿರ,
ಯಾರ ಮನೆ ಮದುವೆಗೂ ಮುರಿಯದೆ,
ಜಸುಮತಿಯ ಗಂಡನ ಎದೆಗೊಮ್ಮೆ ಮುರಿದು
ಮತ್ತೆ ತುಂಬಿದ್ದು.
ಲೆಕ್ಕ ನನ್ನದು. ಫೋರ್ಟಿನ ಶಿಪ್ಪಿಂಗ್ ಕಚೇರಿಯಲ್ಲಿ ಕೂತು
ಇಪ್ಪತ್ತೆರಡು ವರ್ಷ ಬೇರೆಯವರ ಹಡಗಿನ
ಬಾಡಿಗೆ ಬರೆದವಳು.
ಯೂರೋ ಏರಿದರೆ ಒಂದು ಕೋಟೆ ಹೊಡೆದುಹಾಕುತ್ತೇನೆ
ಪೆನ್ಸಿಲ್ಲಲ್ಲಿ. ಇಳಿದರೆ ರಬ್ಬರು.
ಯಾವ ರಾಜನೂ ಇಷ್ಟು ಸಲೀಸಾಗಿ
ಕಳಕೊಂಡಿರಲಿಕ್ಕಿಲ್ಲ.

ಭಾಯಂದರ್ ಖಾಡಿ ಬಂತು. ಯಾರೋ ಬಾಗಿಲಿಂದ
ಬಾಡಿದ ಹೂವಿನ ಚೀಲ ಬಿಸಾಕಿದರು.
ನಮ್ಮಲ್ಲಿ ಓಬಿದುಶ್ ಜಗಳ:
ಗೋಡೆಯೊಳಗೇ ಒಂದು ಊರು, ಸುಣ್ಣದ ಮನೆಗಳು,
ಗೋಡೆ ಮೇಲೆ ಸುತ್ತ ನಡೆಯಬಹುದು, ಕಟಕಟೆ ಇಲ್ಲವಂತೆ.
‘ನನ್ನ ಮೊಣಕಾಲಿಗೆ ಆಗದು’ ಅಂದಳು ಜಸುಮತಿ.
‘ವಿರಾರ್ ಫಾಸ್ಟಿಗೆ ಜೋತುಬಿದ್ದು ಎರಡು ಮಕ್ಕಳ ಸಾಕಿದವಳು
ಗೋಡೆಗೆ ಹೆದರ್ತೀಯಾ?’ ಅಂದಳು ಕುಮುದ್.
ಬೋರಿವಿಲಿಯಲ್ಲಿ ಜನ ನುಗ್ಗಿ
ಜಗಳ ಕೊಚ್ಚಿಕೊಂಡು ಹೋಯಿತು.

ಅಂಧೇರಿ ದಾಟುವಾಗ ಅದೇ ಕುಮುದ್ ವರ್ತಕಳ ತಕರಾರು:
‘ನಮ್ಮೂರ ಕೋಟೇಲಿ ಅವರನ್ನ ಮುತ್ತಿ ಓಡಿಸಿದವರು ನಾವು,
ಈಗ ಅವರ ಕೋಟೆಗೆ ನಾವೇ ಟಿಕೀಟು ತಗೊಂಡು?’
ರೆಮೆಡಿಯಾ ಕಿಟಕಿಯಾಚೆ ನೋಡುತ್ತಿದ್ದಳು.
‘ನನ್ನಜ್ಜಿಯ ಅಜ್ಜಿಯ ಅಜ್ಜಿ
ಆವತ್ತು ಯಾವ ಕಡೆ ಇದ್ದಳೋ ಗೊತ್ತಿಲ್ಲ.
ಒಳಗಿದ್ದರೂ
ಅಡುಗೆಮನೇಲಿ ಇದ್ದಿರಬೇಕು.’
ಬಾಂದ್ರಾ ತನಕ ಯಾರೂ ಮಾತಾಡಲಿಲ್ಲ.

ವೀಸಾ ಅರ್ಜಿ. ಪ್ರಯಾಣದ ಉದ್ದೇಶ?
ನೋಡಲಿಕ್ಕೆ, ಎಂದು ಬರೆದೆ. ಜಾಗ ಉಳಿಯಿತು.
ಹಿಂದೆ ಹೋದ ದೇಶಗಳು?
ಯಾವುದೂ ಇಲ್ಲ. ಇನ್ನೂ ಜಾಗ ಉಳಿಯಿತು.
ದಿನಕ್ಕೆ ನೂರು ಕಿಲೋಮೀಟರು, ವರ್ಷಕ್ಕೆ ಮುನ್ನೂರು ದಿನ,
ಲೆಕ್ಕದವಳಲ್ಲವೇ, ಸುಮ್ಮನೆ ಗುಣಿಸಿದೆ:
ಭೂಮಿಗೆ ಹದಿನಾರು ಸುತ್ತು, ಮೇಲಿಷ್ಟು ಚಿಲ್ಲರೆ.
ಅದಕ್ಕೆ ಕಾಲಮ್ಮಿಲ್ಲ.

ಭಾನುವಾರ ಕಾಲಿನ ಪರೀಕ್ಷೆ. ಹೊಸ ಬೂಟು ಹಾಕಿ
ನಾಲ್ವರೂ ವಸಾಯಿ ಕೋಟೆಗೆ.
ಮೂವತ್ತು ವರ್ಷದಿಂದ ಇದೇ ಊರು,
ಜಸುಮತಿ ಒಳಗೆ ಕಾಲಿಟ್ಟದ್ದು ಇದೇ ಮೊದಲು.
ಮುರಿದ ಚರ್ಚಿನ ಕಮಾನನ್ನು ಆಲದ ಬೇರು ಹಿಡಿದಿತ್ತು,
ಇಲ್ಲಾ ಕಮಾನೇ ಬೇರನ್ನು.
ಮದುವೆಗೆ ಮುಂಚಿನ ಫೋಟೋಕ್ಕೆ ಬಂದ ಹುಡುಗಿಯ
ಬಾಡಿಗೆ ಗೌನಿನ ಬೆನ್ನಿಗೆ ಎಂಟು ಬಟ್ಟೆ ಕ್ಲಿಪ್ಪು.
ಮುಂದಿನಿಂದ ಅವಳು ರಾಣಿ.

ಮೆಟ್ಟಿಲು ಎಣಿಸುತ್ತಾ ಹತ್ತಿದ ಜಸುಮತಿ
ಮೂವತ್ತೊಂದಕ್ಕೆ ಕೂತಳು.
‘ಓಬಿದುಶ್ ಅಂದ್ಕೋ’ ಎಂದೆವು. ಬೈದು, ಎದ್ದು, ಹತ್ತಿದಳು.
ಮೇಲೆ ಬೊಂಬಿಲ್ ಒಣಗುವ ವಾಸನೆ, ದೋಣಿ,
ತಡೆಯಿಲ್ಲದ ಗಾಳಿ. ಮತ್ತು ಜಾಗ.
ರೆಮೆಡಿಯಾ ನಕ್ಷೆ ತೆಗೆದಳು.
ಮೊದಲ ಸಲ ಇಡೀ ದೇಶ ಬಿಡಿಸಿದೆವು,
ಹಾರದಂತೆ ಒಂದೊಂದು ಮೂಲೆಗೆ
ಒಬ್ಬೊಬ್ಬಳು ಕಾಲಿಟ್ಟು.

ಸೋಮವಾರ ಮತ್ತೆ ಏಳು ಐವತ್ತೆಂಟು.
ಚರ್ಚ್‌ಗೇಟಿಗೆ ಗೇಟಿಲ್ಲ, ಫೋರ್ಟಲ್ಲಿ ಕೋಟೆಯಿಲ್ಲ,
ಯಾವಾಗಲೋ ಕೆಡವಿದರಂತೆ, ಹೆಸರು ಬಿಟ್ಟು.
ಇಲ್ಲದ ಬಾಗಿಲು ದಾಟಿ ಇಲ್ಲದ ಗೋಡೆಯೊಳಗೆ ಕೂತು
ಮಧ್ಯಾಹ್ನ ಡಬ್ಬಿ ತೆರೆಯುವ ಮೊದಲು ನಕ್ಷೆ ನೋಡಿದೆ.
ಗಾಳಿ ಜೋರಾದಾಗ ಕಾಲು ಸರಿಸಿರಬೇಕು ಜಸುಮತಿ,
ತೊಮಾರ್ ಮೇಲೆ ಅವಳ ಬೂಟಿನ ಮಣ್ಣು.
ಹೊಡೆದುಹಾಕಿದ್ದ ಊರು ಅದು.

ರಬ್ಬರು ತಗೊಂಡೆ.
ಮಣ್ಣನ್ನಲ್ಲ, ಗೀಟನ್ನು ಅಳಿಸಿದೆ.